ಜೋಗತಿ ನೃತ್ಯ ಕಲಾವಿದರು

ಜೋಗತಿ ನೃತ್ಯವು ಉತ್ತರ ಕರ್ನಾಟಕದಲ್ಲಿ ರೇಣುಕಾ ಯಲ್ಲಮ್ಮನ ಆರಾಧನೆಯೊಂದಿಗೆ ಬೆಳೆದುಬಂದ ಜನಪದ ಕಲೆ. ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನಗುಡ್ಡವು ಈ ಆರಾಧನೆಯ ಪ್ರಮುಖ ಕ್ಷೇತ್ರವಾಗಿದೆ. ಕಲಾವಿದರು ದೇವಿಯ ಕೊಡವನ್ನು ತಲೆಯ ಮೇಲೆ ಹೊತ್ತು, ಕೈಯಲ್ಲಿ ಹಿಡಿಯದೆ, ಚೌಡಿಕೆ ಮತ್ತು ಶ್ರುತಿ ವಾದ್ಯಗಳ ನಾದಕ್ಕೆ ಕುಣಿಯುತ್ತಾರೆ.

ಸದಸ್ಯರ ಹಿನ್ನೆಲೆ

ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಮಹಿಳೆಯರನ್ನು ಜೋಗತಿ ಅಥವಾ ಜೋಗಮ್ಮ ಎಂದೂ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಭಕ್ತರನ್ನು ಜೋಗಪ್ಪ ಎಂದೂ ಕರೆಯುತ್ತಾರೆ. ಮನೆಯಿಂದ ಹೊರಬಿದ್ದ ಅನೇಕ ಜೋಗಪ್ಪಂದಿರಿಗೆ ತಂಡವೇ ಕುಟುಂಬ. ಹಾಡು, ಕುಣಿತ ಮತ್ತು ವಾದನವನ್ನು ಅವರು ಹಿರಿಯರ ಜೊತೆಗಿದ್ದೇ ಕಲಿಯುತ್ತಾರೆ. ಮನೆಮನೆಗೆ ಹೋಗಿ ಜೋಗ ಬೇಡುವುದು ಇವರ ಸಾಂಪ್ರದಾಯಿಕ ಜೀವನೋಪಾಯ. ಮಹಿಳೆಯರನ್ನು ದೇವದಾಸಿಯರಾಗಿ ಅರ್ಪಿಸುವುದನ್ನು ಕರ್ನಾಟಕವು 1982ರ ಕಾಯಿದೆಯ ಮೂಲಕ ನಿಷೇಧಿಸಿದೆ.

ಮಂಜಮ್ಮ ಜೋಗತಿ

ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಮೂಲದ ಮಂಜಮ್ಮ ಜೋಗತಿ ಅವರ ಹುಟ್ಟುಹೆಸರು ಮಂಜುನಾಥ ಶೆಟ್ಟಿ. ಮನೆ ತೊರೆದ ನಂತರ ಭಿಕ್ಷೆ ಬೇಡಿ ಬದುಕಿದ ಅವರು, ದಾವಣಗೆರೆಯಲ್ಲಿ ಭೇಟಿಯಾದ ಕಲಾವಿದರಿಂದ ನೃತ್ಯದ ಮೊದಲ ಪಾಠ ಪಡೆದರು. ಮುಂದೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ ಅವರ ತಂಡವನ್ನು ಸೇರಿ, ಗುರುವಿನ ನಿಧನಾನಂತರ ಅದನ್ನು ಮುನ್ನಡೆಸಿದರು. ಗುಡಿ ಹಾಗೂ ಬೀದಿಗಳ ಈ ಕುಣಿತವು ರಂಗವೇದಿಕೆಯ ಕಲೆಯಾಗಿ ಮನ್ನಣೆ ಗಳಿಸುವಲ್ಲಿ ಅವರ ಪಾತ್ರ ಮುಖ್ಯವಾದುದು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಅವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡರು. ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.