ಹೆಸರು, ಊರು, ನಕ್ಷೆ: ಇಂಗ್ಲೆಂಡಿನಲ್ಲಿ ಪೂರ್ವಜರ ಶೋಧನೆ

ಕನ್ನಡನಾಡಿನ ಹಳ್ಳಿಗಳಲ್ಲಿ ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಹೇಳುತ್ತ ಬಂದವರು ಹೆಳವರು. ಮೂಲಪುರುಷನು ಯಾರು, ಎಲ್ಲಿಂದ ಬಂದನು, ಯಾವ ಕವಲು ಎಲ್ಲಿ ನೆಲೆಸಿತು ಎಂಬುದನ್ನು ಅವರು ಮನೆಬಾಗಿಲಲ್ಲಿ ನಿಂತು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಕುಲೀನರ ವಂಶಗಳನ್ನು ಬರೆದಿಡಲು ಹೆರಾಲ್ಡ್ ಎಂಬ ರಾಜಾಧಿಕಾರಿಗಳಿದ್ದರು. 1530ರಿಂದ 1688ರವರೆಗೆ ಅವರು ಕೌಂಟಿಗಳಲ್ಲಿ ಸಂಚರಿಸಿ, ಕುಲಲಾಂಛನದ ಹಕ್ಕುಳ್ಳ ಮನೆತನಗಳ ವಂಶವೃಕ್ಷಗಳನ್ನು ದಾಖಲಿಸಿದರು. ಉಳುವವನ, ನೇಯುವವನ, ಕೂಲಿಯಾಳಿನ ವಂಶವನ್ನು ಬರೆದಿಡುವವರು ಇರಲಿಲ್ಲ. ಆದರೂ ಇಂದು ಅಂತಹ ಎಷ್ಟೋ ಕುಟುಂಬಗಳು ತಮ್ಮ ಹಿರಿಯರನ್ನು ಹಲವು ಶತಮಾನಗಳ ಹಿಂದಕ್ಕೆ ಗುರುತಿಸಬಲ್ಲವು. ವಂಶಕ್ಕಾಗಿ ಬರೆಯದ ದಾಖಲೆಗಳಿಂದಲೇ ವಂಶವನ್ನು ಕಂಡುಕೊಳ್ಳುವ ಈ ಕ್ರಮವು ಗಮನಾರ್ಹವಾದುದು.

ಇದರ ಮೊದಲ ಆಧಾರ ಪ್ಯಾರಿಷ್ ದಾಖಲೆ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ, ಪ್ರತಿ ಪ್ಯಾರಿಷ್‌ನಲ್ಲಿಯೂ ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞಾಪಿಸಿದನು. ಇದು ಹೊಸ ತೆರಿಗೆಯ ಹೂಟವೆಂದು ಜನ ಶಂಕಿಸಿದರು. 1598ರಲ್ಲಿ ಹಳೆಯ ಪುಸ್ತಕಗಳನ್ನು ಚರ್ಮಪತ್ರದ ಮೇಲೆ ಪ್ರತಿ ಮಾಡಬೇಕೆಂಬ ಆದೇಶವಾಯಿತು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ವರ್ಷದಿಂದ ಮುಂದಿನವನ್ನಾದರೂ ತಪ್ಪದೆ ಬರೆಯಬೇಕೆಂದು ಅದರಲ್ಲಿ ಸೂಚಿಸಿದ್ದುದರಿಂದ, ಇಂದು ಉಳಿದಿರುವ ಅನೇಕ ಪುಸ್ತಕಗಳು 1558ರಿಂದ ಪ್ರಾರಂಭವಾಗುತ್ತವೆ.

ಇವುಗಳನ್ನು ಓದುವವರಿಗೆ ಕಾಲಗಣನೆಯ ಅರಿವು ಅವಶ್ಯ. 1752ಕ್ಕೆ ಮುಂಚೆ ಇಂಗ್ಲೆಂಡಿನ ಶಾಸನಬದ್ಧ ವರ್ಷವು ಮಾರ್ಚ್ 25ರಂದು ಪ್ರಾರಂಭವಾಗುತ್ತಿತ್ತು. 1700ರ ಮೇ ತಿಂಗಳಲ್ಲಿ ವಿವಾಹವಾದ ದಂಪತಿಗಳ ಮಗುವಿಗೆ 1700ರ ಫೆಬ್ರವರಿಯಲ್ಲಿ ದೀಕ್ಷಾಸ್ನಾನವಾಯಿತೆಂದು ಬರೆದಿದ್ದರೆ, ಅದು ವಿವಾಹಪೂರ್ವದ ಜನನವಲ್ಲ. ಇಂದಿನ ಎಣಿಕೆಯಂತೆ ಅದು 1701ರ ಫೆಬ್ರವರಿ.

ಇದಕ್ಕಿಂತ ಕಠಿಣವಾದುದು ಸಮಾನ ನಾಮಗಳ ಸಮಸ್ಯೆ. ಷೇಕ್ಸ್‌ಪಿಯರನ ಕುಟುಂಬವೇ ಇದಕ್ಕೆ ಉತ್ತಮ ನಿದರ್ಶನ. 1709ರಲ್ಲಿ ಕವಿಯ ಜೀವನವನ್ನು ಬರೆದ ನಿಕೊಲಸ್ ರೋ, ಕವಿಯ ತಂದೆ ಜಾನ್‌ಗೆ 10 ಮಕ್ಕಳಿದ್ದರೆಂದು ಹೇಳಿದನು. ಸ್ಟ್ರಾಟ್‌ಫರ್ಡ್‌ನ ಚರ್ಚಿನ ಪುಸ್ತಕದಲ್ಲಿ ಜಾನ್ ಷೇಕ್ಸ್‌ಪಿಯರನ ಮಕ್ಕಳೆಂದು ಅನೇಕ ಹೆಸರುಗಳಿರುವುದು ನಿಜ. ಆದರೆ ಆ ಪಟ್ಟಣದಲ್ಲಿ ಅದೇ ಹೆಸರಿನ ಇನ್ನೊಬ್ಬನು, ಪಾದರಕ್ಷೆ ಹೊಲಿಯುವವನು, ವಾಸವಾಗಿದ್ದನು. ಉರ್ಸುಲಾ, ಹಂಫ್ರಿ, ಫಿಲಿಪ್ ಎಂಬ ಮಕ್ಕಳು ಅವನವರು. ಕೈಗವಸು ತಯಾರಕನಾಗಿದ್ದ ಕವಿಯ ತಂದೆಯು 1568ರಲ್ಲಿ ಪಟ್ಟಣದ ಬೈಲಿಫ್ ಪದವಿಗೇರಿದನು. ಅನಂತರ ಪುಸ್ತಕದಲ್ಲಿ ಅವನ ಹೆಸರಿನ ಹಿಂದೆ ಗೌರವಸೂಚಕ ಪದ ಕಾಣಿಸುತ್ತದೆ, ಮತ್ತೊಬ್ಬನಿಗೆ ಅದಿಲ್ಲ. ಅಂತಹ ಸಣ್ಣ ಗುರುತುಗಳಿಂದ ವಿದ್ವಾಂಸರು ಇಬ್ಬರನ್ನೂ ಬೇರ್ಪಡಿಸಿದರು. ಕವಿಯ ತಂದೆ ತಾಯಿಗಳಿಗೆ ಇದ್ದ ಮಕ್ಕಳು 8. ಹೆಸರು ಹೊಂದಿದ ಮಾತ್ರಕ್ಕೆ ವ್ಯಕ್ತಿ ಸಿಕ್ಕಿದಂತಾಗುವುದಿಲ್ಲ.

ಸ್ಟ್ರಾಟ್‌ಫರ್ಡ್‌ನಲ್ಲಿ ಈ ಜಾನ್ ಇದ್ದನೆಂಬುದಕ್ಕೆ ಮೊದಲ ಸಾಕ್ಷ್ಯ, ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕಾಗಿ 1552ರಲ್ಲಿ ಅವನಿಗೆ ವಿಧಿಸಿದ ದಂಡ. ಸಾಮಾನ್ಯನು ದಾಖಲೆಗೆ ಬರುವುದು ಹೀಗೆಯೇ: ದಂಡ ಕೊಡುವಾಗ, ತೆರಿಗೆ ಕಟ್ಟುವಾಗ, ಅನ್ನಕ್ಕಾಗಿ ಕೈಚಾಚುವಾಗ. 1662ರ ಕಾಯಿದೆಯ ಪ್ರಕಾರ, ಬಡವನು ಪರಸ್ಥಳಕ್ಕೆ ಹೊರೆಯಾಗುವ ಸಂಭವವಿದ್ದರೆ ಅವನನ್ನು ಅವನ ಸ್ವಂತ ಪ್ಯಾರಿಷ್‌ಗೆ ಹಿಂದಿರುಗಿಸಬಹುದಾಗಿತ್ತು. ಅವನು ಎಲ್ಲಿ ಹುಟ್ಟಿದನು, ಎಲ್ಲಿ ಆಳಾಗಿ ದುಡಿದನು ಎಂದು ಕೇಳಿ ಬರೆದುಕೊಂಡ ವಿಚಾರಣಾಪತ್ರಗಳು ಎಷ್ಟೋ ಕಡೆ ಉಳಿದಿವೆ. ಊರಿನಿಂದ ಹೊರಹಾಕಲು ಬರೆದ ಕಾಗದವೇ ಇಂದು ಅವನ ಸಂತತಿಗೆ ಅವನ ಬಾಳಿನ ಕಥೆಯನ್ನು ಹೇಳುತ್ತದೆ.

1837ರ ಜುಲೈ 1ರಿಂದ ಜನನ, ವಿವಾಹ, ಮರಣಗಳ ನೋಂದಣಿಯನ್ನು ಸರ್ಕಾರವೇ ಕೈಗೊಂಡಿತು. 1801ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜನಗಣತಿಯು 1841ರಲ್ಲಿ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡಿತು. ಆದರೆ ಆ ವರ್ಷ 15 ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವುದು ನಿಯಮವಾಗಿತ್ತು. 35 ಎಂದಿದ್ದರೆ ಅವನ ವಯಸ್ಸು 39 ಇದ್ದಿರಲೂಬಹುದು. ಹುಟ್ಟಿದ ಪ್ಯಾರಿಷ್ ಮತ್ತು ಮನೆಯ ಯಜಮಾನನೊಡನೆ ಇರುವ ಸಂಬಂಧ 1851ರಿಂದ ದೊರೆಯುತ್ತವೆ. ಇಲ್ಲಿ ತಿಳಿದ ಊರನ್ನು ಹಿಡಿದು ಶೋಧಕನು ಚರ್ಚಿನ ಪುಸ್ತಕಕ್ಕೆ ಹಿಂದಿರುಗುತ್ತಾನೆ.

ಆ ಊರನ್ನು ಕಣ್ಣಮುಂದೆ ನಿಲ್ಲಿಸುವುದು ನಕ್ಷೆ. ಚರ್ಚಿಗೆ ಸಲ್ಲಬೇಕಾಗಿದ್ದ ಟೈದ್ ಎಂಬ ದಶಮಾಂಶವನ್ನು ಧಾನ್ಯದ ಬದಲು ಹಣವಾಗಿ ಮಾರ್ಪಡಿಸಲು 1836ರಲ್ಲಿ ಕಾಯಿದೆಯಾಯಿತು. ಇದಕ್ಕಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು ಮುಕ್ಕಾಲು ಭಾಗಕ್ಕೆ ದೊಡ್ಡ ಪ್ರಮಾಣದ ನಕ್ಷೆಗಳು ಸಿದ್ಧವಾದವು. ನಮ್ಮ ಸರ್ವೆ ನಂಬರಿನಂತೆ ಪ್ರತಿ ತುಂಡು ಭೂಮಿಗೂ ಒಂದು ಸಂಖ್ಯೆ. ಜೊತೆಗಿರುವ ಪುಸ್ತಕದಲ್ಲಿ ಒಡೆಯ, ಅನುಭೋಗದಾರ, ಹೊಲದ ಹೆಸರು, ವಿಸ್ತೀರ್ಣ, ಕೊಡಬೇಕಾದ ಹಣ. ಇವುಗಳ ಒಂದು ಪ್ರತಿ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿದೆ. 1841ರ ಜನಗಣತಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ, ಒಂದೇ ಹೆಸರಿನ ಇಬ್ಬರು ರೈತರಲ್ಲಿ ಯಾರು ಯಾವ ಹೊಲದವನೆಂದು ಸ್ಪಷ್ಟವಾಗಬಹುದು. ಮನೆಗೆ ಸಮೀಪದ ಚರ್ಚು ಬೇರೆ ಪ್ಯಾರಿಷ್‌ಗೆ ಸೇರಿದ್ದುದೂ ತಿಳಿಯುತ್ತದೆ. ಕಾಣದ ದೀಕ್ಷಾಸ್ನಾನವನ್ನು ಅಲ್ಲಿಯೂ ಹುಡುಕಬೇಕು. ಆದರೆ ಬಾಡಿಗೆ ಗುಡಿಸಿಲುಗಳ ಕೂಲಿಗಾರರನ್ನು ಈ ಪುಸ್ತಕಗಳು ಅನೇಕ ವೇಳೆ 'ಮತ್ತು ಇತರರು' ಎಂಬ ಮಾತಿನಲ್ಲಿ ಮುಗಿಸಿಬಿಡುತ್ತವೆ.

ಈ ಶೋಧನೆಯ ಒಂದು ಎಳೆ ಭಾರತಕ್ಕೂ ಬರುತ್ತದೆ. ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳ ಚರ್ಚುಗಳ ದಾಖಲೆಗಳ ನಕಲುಗಳನ್ನು ಲಂಡನ್ನಿಗೆ ಕಳುಹಿಸಲಾಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಗ್ಲೆಂಡಿನ ಹಳ್ಳಿಯ ಪುಸ್ತಕದಿಂದ ಮರೆಯಾದ ಸೈನಿಕನ ವಿವಾಹವೋ ಶವಸಂಸ್ಕಾರವೋ ಅಲ್ಲಿ ದೊರೆಯುವುದುಂಟು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡಿನವರನ್ನು ಮದರಾಸಿನ ದಾಖಲೆಗಳಲ್ಲಿ ಅರಸಬೇಕು.

ಒಟ್ಟಿನಲ್ಲಿ, ದಾಖಲೆ ಹೆಸರನ್ನು ಕೊಡುತ್ತದೆ, ನಕ್ಷೆ ನೆಲೆಯನ್ನು ಕೊಡುತ್ತದೆ. ಎರಡೂ ಹೊಂದಿದಾಗ ಮಾತ್ರ ಪೂರ್ವಜನನ್ನು ತನ್ನವನೆಂದು ಹೇಳಿಕೊಳ್ಳುವ ಹಕ್ಕು ಶೋಧಕನಿಗೆ ಬರುತ್ತದೆ. ಹೊಂದದಿದ್ದಾಗ ಆ ಸ್ಥಾನವನ್ನು ತೆರವಾಗಿ ಬಿಡುವುದೇ ಪ್ರಾಮಾಣಿಕತೆ. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿ, ತಮ್ಮ ಮೂಲವನ್ನು ಅರಸುವ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ.