ಟರ್ಬೊ ಇಂಜಿನ್ನಿನ ಕವಾಟಗಳು: ಆಯ್ಕೆಯಲ್ಲಿ ವಿವೇಕ

ಪುತ್ತೂರಿನಿಂದ ಸುಳ್ಯದ ಮೂಲಕ ಸಂಪಾಜೆ ಘಾಟಿಯನ್ನೇರಿ ಮಡಿಕೇರಿಗೆ ಸಾಗುವ ಹೆದ್ದಾರಿ, ಗುಂಡ್ಯದಿಂದ ಮೇಲೇರುವ ಶಿರಾಡಿ ಘಾಟಿ, ಸುಬ್ರಹ್ಮಣ್ಯದಿಂದ ಬಿಸಿಲೆಯ ಕಡೆಗೆ ಹೋಗುವ ಇಕ್ಕಟ್ಟಾದ ದಾರಿ, ಈ ಮೂರೂ ವಾಹನದ ಸತ್ತ್ವವನ್ನು ಪರೀಕ್ಷಿಸುವ ಮಾರ್ಗಗಳಾಗಿವೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಟರ್ಬೊ ಅಳವಡಿಸಿದ ಸಣ್ಣ ಪೆಟ್ರೋಲ್ ಕಾರುಗಳು ಇಂದು ಅಪರೂಪವಲ್ಲ. ಅವುಗಳ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಬೇಕೆಂಬ ಆಸೆ ತರುಣರಲ್ಲಿ ಮೂಡುವುದೂ ಸಹಜವೇ. ಆದರೆ ತಪ್ಪಾದ ಬಿಡಿಭಾಗದಿಂದ ಒಂದು ಕವಾಟ ಮುರಿದರೆ ಇಡೀ ಇಂಜಿನ್ ಹಾಳಾಗಿ, ವರ್ಷದ ಅಡಿಕೆಯ ಆದಾಯದಲ್ಲಿ ದೊಡ್ಡ ಪಾಲು ಗ್ಯಾರೇಜಿನ ಪಾಲಾದೀತು. ಆದುದರಿಂದ ಕವಾಟ, ಅಂದರೆ ರೂಢಿಯ ಮಾತಿನ ವಾಲ್ವ್, ಮತ್ತು ಅದರ ಪರಿವಾರದ ಆಯ್ಕೆಯನ್ನು ಕುರಿತು ಇಲ್ಲಿ ವಿವೇಚಿಸಲಾಗಿದೆ.

ಇಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲವು ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಗಾಳಿಯ ಪ್ರವೇಶಕ್ಕೂ ಅನಿಲದ ನಿರ್ಗಮನಕ್ಕೂ ಕಾವಲಿರುವವು ಕವಾಟಗಳು. ಕ್ಯಾಮ್ ಶಾಫ್ಟ್ ಅವನ್ನು ತೆರೆಯುತ್ತದೆ; ಸ್ಪ್ರಿಂಗು ಮುಚ್ಚುತ್ತದೆ. ಇಂಜಿನ್ ನಿಮಿಷಕ್ಕೆ ೬,೦೦೦ ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ ೫೦ ಸಲ ತೆರೆದು ಮುಚ್ಚುತ್ತದೆಂದರೆ ಸ್ಪ್ರಿಂಗಿನ ಹೊಣೆ ಎಷ್ಟೆಂಬುದು ತಿಳಿಯುತ್ತದೆ.

ಟರ್ಬೊ ಇಂಜಿನ್ನಿನಲ್ಲಿ ಈ ಹೊಣೆ ಇನ್ನೂ ಹೆಚ್ಚು. ೩೦ ಮಿ.ಮೀ. ವ್ಯಾಸದ ಪ್ರವೇಶ ಕವಾಟದ ವಿಸ್ತೀರ್ಣ ಸುಮಾರು ೭ ಚದರ ಸೆಂ.ಮೀ. ಟರ್ಬೊ ಒತ್ತಡವು ಒಂದು ಬಾರ್ ಇದ್ದರೆ ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೊ ಭಾರದಂತೆ ಕವಾಟದ ಬೆನ್ನಿನ ಮೇಲೆ ೭ ಕಿಲೊ ಬಲ ಬೀಳುತ್ತದೆ. ಸಿಲಿಂಡರಿನೊಳಗಿನ ಒತ್ತಡವು ಇದರಲ್ಲಿ ಒಂದಂಶವನ್ನು ಎದುರಿಸುವುದರಿಂದ ಈ ಲೆಕ್ಕವನ್ನು ಗರಿಷ್ಠ ಮಿತಿಯೆಂದು ಭಾವಿಸಬೇಕು. ಆದರೂ ಒತ್ತಡವನ್ನು ಏರಿಸುವವರು ಈ ಬಲವನ್ನು ಗಣಿಸದೆ ಹಳೆಯ ಸ್ಪ್ರಿಂಗನ್ನೇ ನಂಬಿದರೆ ಕವಾಟವು ಪೀಠದ ಮೇಲೆ ಸರಿಯಾಗಿ ಕುಳಿತುಕೊಳ್ಳದೆ ಪುಟಿಯಬಹುದು. ವೇಗದ ವಿಷಯವೂ ಹೀಗೆಯೇ. ಚಲಿಸುವ ಭಾಗಗಳ ಜಡತ್ವದ ಬಲ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ೬,೦೦೦ದಿಂದ ೭,೨೦೦ ಸುತ್ತಿಗೇರಿಸಿದರೆ ವೇಗ ಶೇಕಡಾ ೨೦ರಷ್ಟು ಹೆಚ್ಚಿದರೂ ಬಲ ಶೇಕಡಾ ೪೪ರಷ್ಟು ಹೆಚ್ಚುತ್ತದೆ. ಆಗ ಸ್ಪ್ರಿಂಗು ಸೋತರೆ ಕವಾಟವು ಕ್ಯಾಮಿನ ಹಿಡಿತ ತಪ್ಪಿ, ಅನೇಕ ಇಂಜಿನ್ನುಗಳಲ್ಲಿ ಮೇಲೇರುವ ಪಿಸ್ಟನ್ನಿಗೆ ಬಡಿಯುತ್ತದೆ.

ಹಾಗೆಂದು ಅತ್ಯಂತ ಬಿರುಸಾದ ಸ್ಪ್ರಿಂಗೇ ಶ್ರೇಷ್ಠವೆಂದು ತಿಳಿಯಬಾರದು. ಅತಿ ಬಿಗುವಾದರೆ ಕ್ಯಾಮ್, ಟ್ಯಾಪೆಟ್, ಟೈಮಿಂಗ್ ಚೈನು ಇವೆಲ್ಲ ಬೇಗ ಸವೆಯುತ್ತವೆ. ಕವಾಟ ಪೂರ್ಣವಾಗಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟದಂತೆ ತೆರಪು ಉಳಿಯಬೇಕು. ಸ್ಪ್ರಿಂಗನ್ನು ಹಿಡಿದಿಡುವ ರಿಟೇನರ್ ಟೈಟಾನಿಯಮ್ಮಿನದಾದರೆ ಹಗುರವಾಗಿರುತ್ತದೆ. ಆದರೆ ಅದರ ಸವೆತವನ್ನು ಆಗಾಗ ಪರೀಕ್ಷಿಸಬೇಕಾಗುವುದರಿಂದ ನಿತ್ಯ ಬಳಕೆಯ ಕಾರಿಗೆ ಉತ್ತಮ ಉಕ್ಕಿನದೇ ಸಾಕು.

ಕ್ಯಾಮ್ ಶಾಫ್ಟಿನ ಆಯ್ಕೆಯಲ್ಲಿ ಎಚ್ಚರ ಇನ್ನೂ ಅಗತ್ಯ. ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಏರು ವೇಗದಲ್ಲಿ ಶಕ್ತಿ ಕೊಡುತ್ತದೆ, ತಗ್ಗು ವೇಗದ ಎಳೆತವನ್ನು ಕಸಿದುಕೊಳ್ಳುತ್ತದೆ. ಪ್ರವೇಶ, ನಿರ್ಗಮನ ಕವಾಟಗಳೆರಡೂ ಏಕಕಾಲದಲ್ಲಿ ತೆರೆದಿರುವ ಅವಧಿ ದೀರ್ಘವಾದರೆ ಇನ್ನೊಂದು ತೊಡಕುಂಟು. ಸಣ್ಣ ಟರ್ಬೊಗಳಲ್ಲಿ ನಿರ್ಗಮನ ಮಾರ್ಗದ ಒತ್ತಡವು ಪ್ರವೇಶ ಮಾರ್ಗದ ಒತ್ತಡವನ್ನು ಮೀರುವ ಸಂದರ್ಭವಿರುವುದರಿಂದ, ಬಿಸಿ ಅನಿಲವು ಸಿಲಿಂಡರಿಗೇ ಹಿಮ್ಮರಳಬಹುದು. ಘಾಟಿಯ ತಿರುವುಗಳಲ್ಲಿ ಎರಡನೆಯ ಗೇರಿನಲ್ಲಿ ಏರುವ ಕಾರಿಗೆ ಬೇಕಾದುದು ೨,೦೦೦ದಿಂದ ೪,೦೦೦ ಸುತ್ತುಗಳ ನಡುವಿನ ಎಳೆತ. ಅದನ್ನು ಕೊಡುವುದು ಬಹುಮಟ್ಟಿಗೆ ಕಾರ್ಖಾನೆಯ ಮೂಲ ಕ್ಯಾಮೇ.

ರ‍್ಯಾಲಿ ಕಾರುಗಳಿಂದಲೂ ಇಲ್ಲಿ ಒಂದು ಪಾಠವಿದೆ. ಚಿಕ್ಕಮಗಳೂರಿನ ಕಾಫಿತೋಟಗಳ ದಾರಿಯಲ್ಲಿಯೂ ಒಂದು ಸುತ್ತು ನಡೆದ ಏಷ್ಯಾ ಪೆಸಿಫಿಕ್ ರ‍್ಯಾಲಿ ಪ್ರಶಸ್ತಿಯನ್ನು ಗೌರವ್ ಗಿಲ್ ೨೦೧೬ ಮತ್ತು ೨೦೧೭ರಲ್ಲಿ ಗೆದ್ದುದು ೧.೬ ಲೀಟರ್ ಟರ್ಬೊ ಇಂಜಿನ್ನಿನ ಸ್ಕೋಡಾ ಫಾಬಿಯಾದಲ್ಲಿ. ಆ ವರ್ಗದ ಕಾರುಗಳ ಟರ್ಬೊ ಬಾಯಿಗೆ ನಿಯಮವು ೩೨ ಮಿ.ಮೀ. ವ್ಯಾಸದ ಮಿತಿ ಹಾಕಿತ್ತು. ಗಾಳಿಯ ಪ್ರಮಾಣಕ್ಕೇ ಮಿತಿಯಿರುವಾಗ ಸುತ್ತುಗಳನ್ನು ಮಿತಿಮೀರಿ ಏರಿಸಿ ಫಲವಿಲ್ಲ. ಮಧ್ಯಮ ವೇಗದ ಎಳೆತವೇ ಅಲ್ಲಿ ಗೆಲುವಿನ ಆಧಾರ.

ಕವಾಟಗಳ ಲೋಹದ ಮಾತಿಗೆ ಬಂದರೆ, ಅತ್ಯಧಿಕ ತಾಪವನ್ನು ಸಹಿಸುವುದು ನಿರ್ಗಮನ ಕವಾಟ. ಮುಚ್ಚಿದಾಗ ಅದು ಪೀಠದ ಮೂಲಕ ತನ್ನ ತಾಪವನ್ನು ಬಿಟ್ಟುಕೊಡುತ್ತದೆ; ಪೀಠ ಸವೆದಿದ್ದರೆ ಅಂಚು ಸುಡುತ್ತದೆ. ಒತ್ತಡವನ್ನು ಬಹಳ ಏರಿಸುವವರಿಗೆ ಇಂಕೊನೆಲ್ ಎಂಬ ನಿಕ್ಕೆಲ್ ಮಿಶ್ರಲೋಹದ ನಿರ್ಗಮನ ಕವಾಟ ಯೋಗ್ಯವಾದುದು. ಪ್ರವೇಶ ಕವಾಟ ಹೊಸ ಗಾಳಿಯಿಂದ ತಂಪಾಗುವುದರಿಂದ ಅದಕ್ಕೆ ಒಳ್ಳೆಯ ಉಕ್ಕು ಸಾಕು. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಇಂಜಿನ್ನುಗಳಲ್ಲಿ ಪೆಟ್ರೋಲು ಪ್ರವೇಶ ಕವಾಟವನ್ನು ತೊಳೆಯದ ಕಾರಣ ಅಲ್ಲಿ ಮಸಿ ಕಟ್ಟುತ್ತದೆ. ಕುಗ್ಗಿದ ಶಕ್ತಿಯನ್ನು ಮರಳಿ ಪಡೆಯಲು ಎಷ್ಟೋ ವೇಳೆ ಆ ಮಸಿಯನ್ನು ತೆಗೆಸಿದರೆ ಸಾಕಾಗುತ್ತದೆ.

ಕಾನೂನನ್ನೂ ಮರೆಯಲಾಗದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮೊದಲು ಪುತ್ತೂರಿನ ಸಾರಿಗೆ ಕಚೇರಿಯಲ್ಲಿಯೂ ವಿಮಾ ಸಂಸ್ಥೆಯಲ್ಲಿಯೂ ವಿಚಾರಿಸುವುದು ಕ್ಷೇಮ.

ಕೊನೆಯದಾಗಿ ಕ್ರಮವನ್ನು ಹೇಳುವುದಾದರೆ, ಮೊದಲು ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷಿಸಿ, ಸೋರಿಕೆಯಿದ್ದರೆ ಪೀಠಗಳನ್ನು ಸರಿಪಡಿಸಬೇಕು. ಬಳಿಕ ತನಗೆ ಬೇಕಾದ ಒತ್ತಡವೆಷ್ಟು, ಸುತ್ತುಗಳೆಷ್ಟು ಎಂಬುದನ್ನು ನಿಶ್ಚಯಿಸಿ, ಅದಕ್ಕೆ ತಕ್ಕ ಸ್ಪ್ರಿಂಗು ರಿಟೇನರುಗಳನ್ನು ಒಂದೇ ಜೋಡಣೆಯಾಗಿ ಕೊಳ್ಳಬೇಕು. ನಿರ್ಗಮನ ಕವಾಟವನ್ನು ತಾಪ ಬೇಡಿದರೆ ಮಾತ್ರ, ಕ್ಯಾಮನ್ನು ಎಲ್ಲಕ್ಕಿಂತ ಕಡೆಗೆ ಬದಲಿಸಬೇಕು. ದಾರಿಯ ಅಗತ್ಯವನ್ನರಿತು ಮಾಡಿದ ಆಯ್ಕೆಯು ಹಣವನ್ನೂ ಇಂಜಿನ್ನನ್ನೂ ಉಳಿಸುತ್ತದೆ. ಮಳೆಗಾಲದ ಘಾಟಿಯಲ್ಲಿ ಒಳಗೆ ಕುಳಿತವರನ್ನೂ ಕಾಯುತ್ತದೆ.