ಸಿನಿಮಾ ನಕಲಾಗುವಾಗ ಕಂಪ್ಯೂಟರಿನೊಳಗೆ ಏನು ನಡೆಯುತ್ತದೆ?

ಮಕ್ಕಳೇ, ನಿಮ್ಮ ಶಾಲಾ ವಾರ್ಷಿಕೋತ್ಸವದ ವಿಡಿಯೊ ಒಂದು ಪೆನ್‌ಡ್ರೈವ್‌ನಲ್ಲಿದೆ ಎಂದುಕೊಳ್ಳಿ. ಅದನ್ನು ಲ್ಯಾಪ್‌ಟಾಪಿಗೆ ನಕಲು ಮಾಡಬೇಕಾಗಿದೆ. 'ಕಾಪಿ' ಒತ್ತಿ, ಬೇಕಾದ ಕಡೆ 'ಪೇಸ್ಟ್' ಒತ್ತಿದರೆ ತೆರೆಯ ಮೇಲೆ ಒಂದು ಪಟ್ಟಿ ಮೆಲ್ಲಗೆ ಬೆಳೆಯತೊಡಗುತ್ತದೆ. ಒಂದು ಕಂಪ್ಯೂಟರಿನಲ್ಲಿ ಈ ಕೆಲಸ ಒಂದೇ ನಿಮಿಷದಲ್ಲಿ ಮುಗಿದರೆ ಇನ್ನೊಂದರಲ್ಲಿ ಹತ್ತು ನಿಮಿಷವಾದರೂ ಮುಗಿಯುವುದಿಲ್ಲ. ಕೆಲವೊಮ್ಮೆ ಬೇಕಾದಷ್ಟು ಜಾಗವಿದ್ದರೂ 'ಈ ಫೈಲ್ ತೀರಾ ದೊಡ್ಡದು' ಎಂಬ ಸಂದೇಶ ಬರುತ್ತದೆ. ಏಕೆ ಹೀಗೆ?

ಉತ್ತರ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ! '2.4 ಗಿಗಾಹರ್ಟ್ಸ್, 8 ಜಿ.ಬಿ. ರ‍್ಯಾಮ್, 512 ಜಿ.ಬಿ. ಎಸ್‌ಎಸ್‌ಡಿ, ಯುಎಸ್‌ಬಿ 3.0' ಎಂಬಂಥ ಸಾಲುಗಳನ್ನು ನೀವು ನೋಡಿರಬಹುದು. ಇವೆಲ್ಲ ಏನೆಂದು ತಿಳಿಯದವರು ದೊಡ್ಡ ಅಂಕಿ ಇದ್ದರೆ ಒಳ್ಳೆಯ ಕಂಪ್ಯೂಟರ್ ಎಂದು ನಂಬಿ ಹಣ ಕೊಡುತ್ತಾರೆ. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣ ಸರಿಯಾಗಿ ಬಳಕೆಯಾಗಬೇಕಾದರೆ ಈ ಅಂಕಿಗಳನ್ನು ಓದಲು ಕಲಿಯಬೇಕು. ಬನ್ನಿ, ಒಂದು ಸಿನಿಮಾದ ಬೆನ್ನು ಹತ್ತಿ ಕಂಪ್ಯೂಟರಿನೊಳಗೆ ಹೋಗೋಣ.

ಸಿನಿಮಾದ ಗಾತ್ರ ಎಷ್ಟು?

ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಎಂಬ ಎರಡೇ ಅಂಕಿಗಳು. ಇಂಥ ಒಂದು ಅಂಕಿಗೆ 'ಬಿಟ್' ಎಂದು ಹೆಸರು. ಎಂಟು ಬಿಟ್‌ಗಳು ಸೇರಿದರೆ ಒಂದು 'ಬೈಟ್'. ಯೂನಿಕೋಡ್‌ನ ಯುಟಿಎಫ್-8 ಎಂಬ ವಿಧಾನದಲ್ಲಿ 'ಕ' ಎಂಬ ಅಕ್ಷರವನ್ನು ಬರೆದಿಡಲು 3 ಬೈಟ್‌ಗಳು ಬೇಕು. ಹತ್ತು ಲಕ್ಷ ಬೈಟ್‌ಗಳಿಗೆ ಒಂದು ಮೆಗಾಬೈಟ್ ಅಂದರೆ ಎಂ.ಬಿ. ಎಂದೂ, ನೂರು ಕೋಟಿ ಬೈಟ್‌ಗಳಿಗೆ ಒಂದು ಗಿಗಾಬೈಟ್ ಅಂದರೆ ಜಿ.ಬಿ. ಎಂದೂ ಹೇಳುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಸಿನಿಮಾ ಎಂದರೆ ಬೇಗ ಬೇಗ ಬದಲಾಗುವ ಚಿತ್ರಗಳ ಸಾಲು. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 24 ಚಿತ್ರಗಳು ಬರುತ್ತವೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ 9,000 ಸೆಕೆಂಡುಗಳಿವೆ. ಆದ್ದರಿಂದ ಚಿತ್ರಗಳ ಸಂಖ್ಯೆ 2,16,000. ಪ್ರತಿ ಚಿತ್ರವೂ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಆಗಿರುತ್ತದೆ. 'ಫುಲ್ ಎಚ್‌ಡಿ' ಎನ್ನುವ ಚಿತ್ರದಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20 ಲಕ್ಷಕ್ಕೂ ಹೆಚ್ಚು! ಒಂದೊಂದು ಚುಕ್ಕೆಯ ಬಣ್ಣವನ್ನು ಬರೆದಿಡಲು ಕೆಂಪು, ಹಸಿರು, ನೀಲಿಗೆ ತಲಾ ಒಂದರಂತೆ 3 ಬೈಟ್ ಬೇಕೆಂದರೆ ಒಂದು ಚಿತ್ರಕ್ಕೆ ಸುಮಾರು 6.2 ಎಂ.ಬಿ. ಆಗುತ್ತದೆ. ಇಡೀ ಸಿನಿಮಾಗೆ? ಸುಮಾರು 1,340 ಜಿ.ಬಿ.!

ಆದರೆ ಇಷ್ಟೇ ಉದ್ದದ ಸಿನಿಮಾದ ಫೈಲ್ ಎರಡು, ಮೂರು ಜಿ.ಬಿ.ಯಷ್ಟೇ ಇರುವುದನ್ನು ನೋಡುತ್ತೇವೆ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಇಲ್ಲೊಂದು ಜಾಣತನ ಇದೆ. ಒಬ್ಬ ನಟ ಗೋಡೆಯ ಮುಂದೆ ನಿಂತು ಮಾತನಾಡುತ್ತಿದ್ದಾನೆ ಎಂದುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಗೋಡೆ ಬದಲಾಗುವುದಿಲ್ಲ, ತುಟಿ, ಕಣ್ಣು ಮಾತ್ರ ಸ್ವಲ್ಪ ಅಲುಗುತ್ತವೆ. ಹಾಗಾದರೆ ಗೋಡೆಯನ್ನು ಪ್ರತಿಸಲ ಏಕೆ ಬರೆಯಬೇಕು? ಬದಲಾದ ಭಾಗವನ್ನು ಮಾತ್ರ ಬರೆದರೆ ಸಾಕಲ್ಲವೇ? ನಮ್ಮ ಕಣ್ಣು ಗುರುತಿಸಲಾರದ ಅತಿ ಸೂಕ್ಷ್ಮ ವಿವರಗಳನ್ನೂ ಕೈಬಿಡಬಹುದು. ಹೀಗೆ ಗಾತ್ರ ಇಳಿಸುವುದಕ್ಕೆ 'ಸಂಕುಚನ' ಎನ್ನುತ್ತಾರೆ. ನಾವು ನಕಲು ಮಾಡುವುದು ಹೀಗೆ ಕುಗ್ಗಿಸಿದ ಸಿನಿಮಾವನ್ನೇ.

ಬೀರು ಮತ್ತು ಮೇಜು

ಪೆಟ್ಟಿಗೆಯ ಮೇಲೆ ಎರಡು ಕಡೆ ಜಿ.ಬಿ. ಎಂದು ಇರುತ್ತದೆ. ಇಲ್ಲಿಯೇ ಅನೇಕರಿಗೆ ಗೊಂದಲ. ನಿಮ್ಮ ತರಗತಿಯ ಬೀರು ಮತ್ತು ಮೇಜನ್ನು ನೆನೆಯಿರಿ. ಪುಸ್ತಕಗಳು ವರ್ಷವೆಲ್ಲ ಇರುವುದು ಬೀರುವಿನಲ್ಲಿ. ಓದುವಾಗ ಬೇಕಾದ ಪುಸ್ತಕವನ್ನಷ್ಟೇ ತೆಗೆದು ಮೇಜಿನ ಮೇಲೆ ಇಟ್ಟುಕೊಳ್ಳುತ್ತೀರಿ.

'512 ಜಿ.ಬಿ. ಎಸ್‌ಎಸ್‌ಡಿ' ಎನ್ನುವುದು ಬೀರು. ವಿದ್ಯುತ್ ಹೋದರೂ ಇದರಲ್ಲಿರುವುದು ಅಳಿಸುವುದಿಲ್ಲ. ನಮ್ಮ ಸಿನಿಮಾ ಬಂದು ಸೇರುವುದು ಇಲ್ಲಿಗೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದರ ಬದಲು 'ಹಾರ್ಡ್ ಡಿಸ್ಕ್' ಇರುತ್ತದೆ. ಅದರೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ಹೆಚ್ಚಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಓದುವ ತಲೆ ಆ ತಟ್ಟೆಗೆ ತಾಗದಂತೆ, ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಆದ್ದರಿಂದಲೇ ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ ಲ್ಯಾಪ್‌ಟಾಪನ್ನು ಕುಲುಕಬಾರದು, ಬೀಳಿಸಬಾರದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಇರುವುದು ಚಿಪ್‌ಗಳು ಮಾತ್ರ. ಹಾಗಾಗಿ ಅದು ಹೆಚ್ಚು ವೇಗವಾಗಿ ಕೆಲಸ ಮಾಡುತ್ತದೆ.

'8 ಜಿ.ಬಿ. ರ‍್ಯಾಮ್' ಎನ್ನುವುದು ಮೇಜು. ಕಂಪ್ಯೂಟರ್ ಈಗ ಮಾಡುತ್ತಿರುವ ಕೆಲಸಕ್ಕೆ ಬೇಕಾದದ್ದೆಲ್ಲ ಇಲ್ಲಿರುತ್ತದೆ. ಕಂಪ್ಯೂಟರನ್ನು ಆರಿಸಿದೊಡನೆ ರ‍್ಯಾಮ್ ಖಾಲಿಯಾಗುತ್ತದೆ. ರ‍್ಯಾಮ್ ಹೆಚ್ಚಿದ್ದರೆ ಒಟ್ಟಿಗೆ ಹಲವು ಕೆಲಸ ಮಾಡಲು ಅನುಕೂಲ. ಆದರೆ ಅದರಲ್ಲಿ ಸಿನಿಮಾಗಳನ್ನು ಕೂಡಿಡಲು ಆಗುವುದಿಲ್ಲ. ಮೇಜು ದೊಡ್ಡದಾದ ಮಾತ್ರಕ್ಕೆ ಬೀರು ದೊಡ್ಡದಾಗುವುದೇ?

ನಿಮಗೆ ಗೊತ್ತೆ?

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗಳಿಗೇ ಅದು ತುಂಬಿಹೋಗುತ್ತಿತ್ತು!

ಕೆರೆ ದೊಡ್ಡದು, ತೂಬು ಚಿಕ್ಕದು

ಈಗ ವೇಗದ ವಿಚಾರ. ಕೆರೆ ಎಷ್ಟೇ ದೊಡ್ಡದಿರಲಿ, ಗದ್ದೆಗೆ ನೀರು ಹರಿಯುವುದು ತೂಬಿನ ಅಳತೆಗೆ ತಕ್ಕಂತೆ ಅಲ್ಲವೇ? ಮುಂದಿನ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ತೂಬಿನಲ್ಲಿ ಬಂದಷ್ಟೇ ನೀರು. ಸಿನಿಮಾ ನಕಲಾಗುವುದೂ ಹೀಗೆಯೇ. ಅದು ಪೆನ್‌ಡ್ರೈವ್‌ನಿಂದ ಹೊರಟು, ಯುಎಸ್‌ಬಿ ಕಿಂಡಿಯ ಮೂಲಕ ಹಾದು, ತುಂಡು ತುಂಡಾಗಿ ರ‍್ಯಾಮ್‌ಗೆ ಬಂದು, ಅಲ್ಲಿಂದ ಡಿಸ್ಕ್ ಸೇರುತ್ತದೆ. ಈ ದಾರಿಯಲ್ಲಿ ಯಾವುದು ಅತಿ ನಿಧಾನವೋ ಅದೇ ಒಟ್ಟು ವೇಗವನ್ನು ತೀರ್ಮಾನಿಸುತ್ತದೆ.

ಸಿನಿಮಾ 3 ಜಿ.ಬಿ. ಅಂದರೆ 3,000 ಎಂ.ಬಿ. ಇದೆ ಎನ್ನೋಣ. ಪೆನ್‌ಡ್ರೈವ್ ಸೆಕೆಂಡಿಗೆ 30 ಎಂ.ಬಿ. ಕೊಡುತ್ತದೆ. ಡಿಸ್ಕ್ ಸೆಕೆಂಡಿಗೆ 400 ಎಂ.ಬಿ. ಬರೆಯಬಲ್ಲದು. ನಕಲಾಗಲು ಎಷ್ಟು ಹೊತ್ತು ಬೇಕು? 3,000ವನ್ನು 30ರಿಂದ ಭಾಗಿಸಿ. 100 ಸೆಕೆಂಡು. ಡಿಸ್ಕ್ ಎಷ್ಟೇ ಚುರುಕಾಗಿದ್ದರೂ ಅದು ಪೆನ್‌ಡ್ರೈವ್‌ಗಾಗಿ ಕಾಯುತ್ತಲೇ ಇರುತ್ತದೆ! ಇಂಥಲ್ಲಿ ಇನ್ನೂ ಬೆಲೆಬಾಳುವ ಡಿಸ್ಕ್ ಹಾಕಿಸಿದರೂ ಒಂದು ಸೆಕೆಂಡೂ ಉಳಿಯುವುದಿಲ್ಲ.

ಯುಎಸ್‌ಬಿ ಕಿಂಡಿಯಲ್ಲೂ ಬಗೆಗಳಿವೆ. 2000ದಲ್ಲಿ ಬಂದ ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಚ್ಚರ! ಇದು ಮೆಗಾಬೈಟ್ ಅಲ್ಲ, ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 8ರಿಂದ ಭಾಗಿಸಬೇಕು. ಆಗ ಬರುವುದು 60 ಎಂ.ಬಿ. ಬಳಕೆಯಲ್ಲಿ ಸಿಗುವುದು ಅದಕ್ಕಿಂತಲೂ ಕಡಿಮೆ. 2008ರಲ್ಲಿ ಬಂದ ಯುಎಸ್‌ಬಿ 3.0ರ ಗರಿಷ್ಠ ವೇಗ ಸೆಕೆಂಡಿಗೆ 5,000 ಮೆಗಾಬಿಟ್. ಇದರ ಕಿಂಡಿಯೊಳಗೆ ಅನೇಕ ಸಲ ನೀಲಿ ಬಣ್ಣ ಇರುತ್ತದೆ. ಹೊಸ ಪೆನ್‌ಡ್ರೈವನ್ನು ಹಳೆಯ ಕಿಂಡಿಗೆ ಹಾಕಿದರೆ ಅದು ಹಳೆಯ ವೇಗದಲ್ಲಿಯೇ ನಡೆಯಬೇಕು. ಇಂಟರ್‌ನೆಟ್ ವೇಗವನ್ನು ಹೇಳುವಾಗಲೂ ಮೆಗಾಬಿಟ್ ಲೆಕ್ಕವನ್ನೇ ಬಳಸುತ್ತಾರೆ ಎಂಬುದು ನೆನಪಿರಲಿ.

ಇನ್ನು '2.4 ಗಿಗಾಹರ್ಟ್ಸ್' ಎಂಬುದು ಏನು? ಅದು ಕಂಪ್ಯೂಟರಿನ ಮಿದುಳು ಎನ್ನಬಹುದಾದ ಪ್ರೊಸೆಸರ್‌ಗೆ ಸೇರಿದ್ದು. ಅದರೊಳಗಿನ ಗಡಿಯಾರ ಸೆಕೆಂಡಿಗೆ 240 ಕೋಟಿ ಸಲ ಮಿಡಿಯುತ್ತದೆ ಎಂದರ್ಥ. ನಕಲು ಮಾಡುವಾಗ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಇರುವುದಿಲ್ಲ. ಸಿನಿಮಾ ನೋಡುವಾಗ, ಕುಗ್ಗಿಸಿದ್ದನ್ನು ಬಿಡಿಸಿ ಸೆಕೆಂಡಿಗೆ 24 ಚಿತ್ರಗಳನ್ನು ಮತ್ತೆ ಕಟ್ಟಿಕೊಡಬೇಕು. ಈ ಕೆಲಸವನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಭಾಗ ಸೇರಿ ಮಾಡುತ್ತವೆ. ಅವಕ್ಕೆ ಶಕ್ತಿ ಸಾಲದಿದ್ದರೆ ಸಿನಿಮಾ ತಡವರಿಸುತ್ತದೆ.

ಜಾಗವಿದ್ದರೂ ಹಿಡಿಸದ ಸಿನಿಮಾ

32 ಜಿ.ಬಿ. ಪೆನ್‌ಡ್ರೈವ್‌ನಲ್ಲಿ 20 ಜಿ.ಬಿ. ಖಾಲಿ ಇದೆ. 5 ಜಿ.ಬಿ.ಯ ಒಂದು ವಿಡಿಯೊ ಹಾಕಲು ಹೋದರೆ ಅದು ಒಪ್ಪುವುದಿಲ್ಲ! ಕಾರಣ ಜಾಗವಲ್ಲ, ಜಾಗದ ವ್ಯವಸ್ಥೆ. ಯಾವ ಫೈಲ್ ಎಲ್ಲಿದೆ ಎಂದು ಗುರುತಿಡಲು ಪ್ರತಿ ಪೆನ್‌ಡ್ರೈವ್‌ನಲ್ಲೂ ಒಂದು ಪದ್ಧತಿ ಇರುತ್ತದೆ. 'ಫ್ಯಾಟ್32' ಎಂಬ ಹಳೆಯ ಪದ್ಧತಿಯಲ್ಲಿ ಒಂದು ಫೈಲಿನ ಗಾತ್ರವನ್ನು ಬರೆಯಲು 32 ಬಿಟ್‌ಗಳ ಜಾಗ ಮಾತ್ರ ಇದೆ. ಅದರಲ್ಲಿ ಸುಮಾರು 4 ಜಿ.ಬಿ.ಗಿಂತ ದೊಡ್ಡ ಸಂಖ್ಯೆಯನ್ನು ಬರೆಯಲು ಬರುವುದಿಲ್ಲ. ಎರಡೇ ಮನೆಗಳಿರುವ ಅರ್ಜಿಯಲ್ಲಿ 99ಕ್ಕಿಂತ ದೊಡ್ಡ ವಯಸ್ಸನ್ನು ಬರೆಯಲಾಗದು ತಾನೇ? ಹಾಗೆಯೇ ಇದು. 'ಎಕ್ಸ್‌ಫ್ಯಾಟ್' ಎಂಬ ಹೊಸ ಪದ್ಧತಿಗೆ ಬದಲಾಯಿಸಿದರೆ ಈ ತೊಡಕು ಇರುವುದಿಲ್ಲ. ಆದರೆ ಬದಲಾಯಿಸುವಾಗ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೇರೆ ಕಡೆ ನಕಲಿಟ್ಟುಕೊಂಡು, ಶಿಕ್ಷಕರ ನೆರವಿನಿಂದಲೇ ಈ ಕೆಲಸ ಮಾಡಿ.

ಇನ್ನೊಂದು ಒಗಟು. 512 ಜಿ.ಬಿ. ಎಂದು ಬರೆದಿರುವ ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್ ಸುಮಾರು 476 ಜಿ.ಬಿ. ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೇ? ಇಲ್ಲ. ಡಿಸ್ಕ್ ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ. ಅಳೆಯುವ ಸೇರು ಬೇರೆ, ಧಾನ್ಯ ಅಷ್ಟೇ.

ನಕಲು ಏಕೆ ಮುಖ್ಯ?

ಸಿನಿಮಾಗಳು ರೀಲಿನಲ್ಲಿದ್ದ ಕಾಲದಲ್ಲಿ ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರ ಸ್ವಲ್ಪ ಮಸುಕಾಗುತ್ತಿತ್ತು. ಕಂಪ್ಯೂಟರಿನ ನಕಲು ಹಾಗಲ್ಲ. 0 ಮತ್ತು 1ರ ಸಾಲು ಇದ್ದದ್ದು ಇದ್ದಂತೆಯೇ ಬರುತ್ತದೆ. ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಸ್ಪಷ್ಟ.

ಇದರ ಬೆಲೆ ತಿಳಿಯಬೇಕಾದರೆ ಒಂದು ವಿಷಯ ಕೇಳಿ. ತೆರೆಗೆ ಬಂದ ಮೊದಲ ಕನ್ನಡ ಮಾತಿನ ಚಿತ್ರ 1934ರ 'ಸತಿ ಸುಲೋಚನ'. ಭಾರತದ ಮೊದಲ ಮಾತಿನ ಚಿತ್ರ 1931ರ 'ಆಲಂ ಆರಾ'. ಈ ಎರಡರ ಒಂದು ಪ್ರತಿಯೂ ಉಳಿದು ಬಂದಿಲ್ಲ. ಇಂದು ನಾವು ಅವುಗಳ ಬಗ್ಗೆ ಓದಬಹುದು, ನೋಡಲಾರೆವು. ನಿಮ್ಮ ಶಾಲೆಯ ವಿಡಿಯೊ, ಅಜ್ಜಿ ಹೇಳಿದ ಕತೆಯ ಧ್ವನಿಮುದ್ರಣ, ಊರ ಜಾತ್ರೆಯ ಚಿತ್ರಗಳು ಒಂದೇ ಪೆನ್‌ಡ್ರೈವ್‌ನಲ್ಲಿದ್ದರೆ ಅದು ಕೆಟ್ಟ ದಿನ ಅವೂ ಹೋದಂತೆ. ಆದ್ದರಿಂದ ಮುಖ್ಯವಾದದ್ದನ್ನು ಕನಿಷ್ಠ ಎರಡು ಬೇರೆ ಬೇರೆ ಕಡೆ ಇಡಿ.

ಹಾಗೆಂದು ಎಲ್ಲ ಸಿನಿಮಾಗಳನ್ನೂ ನಕಲು ಮಾಡಿ ಹಂಚಬಹುದೇ? ಇಲ್ಲ. ಸಿನಿಮಾ ನೂರಾರು ಜನರ ದುಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಮ್ಮ ದೇಶದಲ್ಲಿ ಸಿನಿಮಾ ಬಿಡುಗಡೆಯಾದ ಮರುವರ್ಷದಿಂದ 60 ವರ್ಷಗಳವರೆಗೆ ಅದರ ಹಕ್ಕು ಒಡೆಯರಿಗೆ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ಪ್ರತಿ ಮಾಡಿ ಹಂಚುವುದು ತಪ್ಪು. ನೀವೇ ತೆಗೆದ ವಿಡಿಯೊಗಳನ್ನೂ, ಹಂಚಲು ಒಡೆಯರೇ ಒಪ್ಪಿಗೆ ಕೊಟ್ಟಿರುವ ಚಿತ್ರಗಳನ್ನೂ ಧಾರಾಳವಾಗಿ ನಕಲು ಮಾಡಬಹುದು. 2008ರಲ್ಲಿ ಬ್ಲೆಂಡರ್ ಪ್ರತಿಷ್ಠಾನ ಹೊರತಂದ 'ಬಿಗ್ ಬಕ್ ಬನ್ನಿ' ಎಂಬ ಸುಮಾರು 10 ನಿಮಿಷದ ಮೊಲದ ಚಿತ್ರ ಅಂಥದ್ದು. ತಯಾರಿಸಿದವರ ಹೆಸರು ಹೇಳಿ ಯಾರು ಬೇಕಾದರೂ ಅದನ್ನು ಹಂಚಬಹುದು.

ಮಾಡಿ ನೋಡಿ

1. ಶಿಕ್ಷಕರ ಸಹಾಯದಿಂದ ಶಾಲೆಯ ಕಂಪ್ಯೂಟರಿನ ರ‍್ಯಾಮ್, ಡಿಸ್ಕ್ ಮತ್ತು ಪ್ರೊಸೆಸರ್‌ನ ಅಂಕಿಗಳನ್ನು ಪತ್ತೆಮಾಡಿ ಬರೆದುಕೊಳ್ಳಿ. ಯಾವುದು ಬೀರು, ಯಾವುದು ಮೇಜು ಎಂದು ಗುರುತಿಸಿ.

2. ಒಂದು ದೊಡ್ಡ ವಿಡಿಯೊವನ್ನು ಪೆನ್‌ಡ್ರೈವ್‌ನಿಂದ ನಕಲು ಮಾಡಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಫೈಲಿನ ಗಾತ್ರವನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. ಬೇರೆ ಕಿಂಡಿಗೆ, ಬೇರೆ ಪೆನ್‌ಡ್ರೈವ್‌ಗೆ ಬದಲಾಯಿಸಿ ಮತ್ತೆ ಅಳೆಯಿರಿ. ತೂಬು ಎಲ್ಲಿದೆ ಎಂದು ನೀವೇ ಕಂಡುಹಿಡಿಯಬಹುದು.

3. ಪೆನ್‌ಡ್ರೈವ್‌ಗೆ ನಕಲು ಮಾಡಿದಾಗ ಕೂಡಲೇ ಎಳೆಯಬೇಡಿ. ಪಟ್ಟಿ ಪೂರ್ಣವಾದ ಮೇಲೂ ಕೆಲವು ತುಂಡುಗಳು ರ‍್ಯಾಮ್‌ನಲ್ಲಿಯೇ ಕಾಯುತ್ತಿರಬಹುದು. 'ಇಜೆಕ್ಟ್' ಒತ್ತಿ, ತೆಗೆಯಬಹುದು ಎಂದು ತಿಳಿಸಿದ ಮೇಲೆಯೇ ತೆಗೆಯಿರಿ.

ಕೊನೆಗೊಂದು ಪ್ರಶ್ನೆ: ಒಂದು ಲ್ಯಾಪ್‌ಟಾಪಿನಲ್ಲಿ 8 ಜಿ.ಬಿ., ಇನ್ನೊಂದರಲ್ಲಿ 16 ಜಿ.ಬಿ. ರ‍್ಯಾಮ್ ಇದೆ. ಉಳಿದದ್ದೆಲ್ಲ ಒಂದೇ. ಒಂದೇ ನಿಧಾನದ ಪೆನ್‌ಡ್ರೈವ್‌ನಿಂದ ಸಿನಿಮಾವನ್ನು ಯಾವುದು ಬೇಗ ನಕಲು ಮಾಡೀತು? ಗೆಳೆಯರೊಡನೆ ಚರ್ಚಿಸಿ, ಆಮೇಲೆ ಅಳೆದು ನೋಡಿ.